ಏಣಿಯಿಂದ ಬಿದ್ದವನ ಮನೆಯವರಿಗೆ ಸಲ್ಲಬೇಕಾದ್ದು



ಕಾಫಿ ತೋಟದ ಕೆಲಸದಲ್ಲಿ ಪ್ರಾಣ ಬಿಟ್ಟವನ ಕುಟುಂಬಕ್ಕೆ ಸಿಗುವ ಪರಿಹಾರ ಮಾಲೀಕರ ದಯೆಯಲ್ಲ, ಕಾನೂನಿನ ಹಕ್ಕು. 1923ರ ಪರಿಹಾರ ಕಾಯ್ದೆಯಿಂದ ಬಂದ ಈ ಹಕ್ಕು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಕೊಡಗಿನಲ್ಲಿ ಇಂಥ ಸಾವು ಬರುವ ದಾರಿಗಳು ಎಲ್ಲರಿಗೂ ಗೊತ್ತು: ಕರಿಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಾಗುವುದು, ಸಿಲ್ವರ್ ಓಕ್ ಮರದಿಂದ ಕಾಲು ಜಾರುವುದು, ಆನೆ ಎದುರಾಗುವುದು.

ಲೆಕ್ಕ ಸರಳ. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಹಳೆಯ ಕಾಯ್ದೆಯಡಿ 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 15,000 ರೂಪಾಯಿ ಇತ್ತು. 40 ವರ್ಷದವನ ಗುಣಕ 184.17. ಅಷ್ಟು ಕೂಲಿಯಿದ್ದರೆ ಪರಿಹಾರ 13,81,275 ರೂಪಾಯಿ. ಮಾಲೀಕರಿಂದ ಕಾರ್ಮಿಕರ ಲೈನ್‌ಮನೆಗೆ ಲಕೋಟೆಯಲ್ಲಿ ಬರುವ ಮೊತ್ತವನ್ನು ಇದರ ಪಕ್ಕ ಇಟ್ಟು ನೋಡಬೇಕು.

ಈ ಪತ್ರ ಬರೆಯುತ್ತಿರುವ ಹಿರಿಯರ ಅಣ್ಣ ನೆರಳು ಮರದ ಕೊಂಬೆ ಸವರುವ ಮರಕಪಾತಿನಲ್ಲಿ ಬಿದ್ದು ತೀರಿಕೊಂಡವರು. ತಿಥಿಗೂ ಮುಂಚೆ ತೋಟದ ರೈಟರ್ ಬಂದರು, ಜೊತೆಗೆ ಮೇಸ್ತ್ರಿ. ಟೈಪ್ ಮಾಡಿದ ಕಾಗದ, ಶಾಯಿ ಒಣಗುತ್ತ ಬಂದಿದ್ದ ಸ್ಟಾಂಪ್ ಪ್ಯಾಡು. ಅತ್ತಿಗೆಯ ಹೆಬ್ಬೆಟ್ಟು ಮೂಡಲಿಲ್ಲವೆಂದು ಮೇಸ್ತ್ರಿ ಅದನ್ನು ಹಿಡಿದು ಮತ್ತೆ ಒತ್ತಿಸಿದ. ಆಕೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆ ಕಲೆ ಹೋಗಲೇ ಇಲ್ಲ. ಬಂದ ಹಣ ಸಾಲಕ್ಕೆ ಹೋಯಿತು. ಆಮೇಲೆ ಮಡಿಕೇರಿಯ ವಕೀಲರೊಬ್ಬರು ಹೇಳಿದ್ದು ಇಷ್ಟೇ: ಸಾವಿನ ಪರಿಹಾರವನ್ನು ಅದನ್ನು ಹಂಚಿಕೊಡುವ ಸರ್ಕಾರಿ ಅಧಿಕಾರಿಯ ಬಳಿ ಠೇವಣಿ ಇಡಬೇಕು; ಮನೆಗೆ ತಂದುಕೊಟ್ಟ ದುಡ್ಡು ಕಾನೂನಿನ ಲೆಕ್ಕದಲ್ಲಿ ಪರಿಹಾರವೇ ಅಲ್ಲ, ಹಕ್ಕು ಬಿಟ್ಟುಕೊಟ್ಟೆ ಎಂಬ ಕಾಗದಕ್ಕೂ ಬೆಲೆಯಿಲ್ಲ. ಅರ್ಜಿ ಹಾಕಿದ ಮೇಲೆ ಹಣ ಬಂತು, ಬಡ್ಡಿ ಸಮೇತ.

ಹೀಗೆ ಕಾಗದಕ್ಕೆ ಸಹಿ ಹಾಕಿ ಮಾಡಿಕೊಳ್ಳುವ ರಾಜಿಯ ಪರವಾಗಿಯೂ ಮಾತುಂಟು. ಹಣ ಬೇಗ ಕೈಸೇರುತ್ತದೆ, ಲೈನ್‌ಮನೆ ಬಿಡಬೇಕಾದ ಭಯವಿಲ್ಲ, ಕೋರ್ಟಿನ ಓಡಾಟ ತಪ್ಪುತ್ತದೆ. ಆದರೆ ಸತ್ತವನ 18 ತುಂಬಿದ, ಮೈ ಗಟ್ಟಿಯಿರುವ ಮಗ ಅವಲಂಬಿತರ ಪಟ್ಟಿಯಲ್ಲೇ ಬರುವುದಿಲ್ಲ. ಅವನ ತಾಯಿ, ಮದುವೆಯಾಗದ ತಂಗಿ, ಅಪ್ರಾಪ್ತ ತಮ್ಮ ಇವರದು ಆ ಹಣ. ಬೈಕಿನ ಆಸೆಗೋ ಧಣಿಯ ಮುಲಾಜಿಗೋ ಅವರ ಪಾಲನ್ನು ಬಿಟ್ಟುಕೊಟ್ಟು ಸಹಿ ಹಾಕುವ ಮಗನಿಗೆ ನಾಚಿಕೆಯಾಗಬೇಕು. ಮಾತು ಖಾರವಾಯಿತು, ಅಪ್ಪನನ್ನು ಕಳೆದುಕೊಂಡ ಹುಡುಗನಿಗೆ ದಾರಿ ಕಾಣದಿರುವುದು ಸಹಜವೇ.

ಸತ್ತವನು ಕುಡಿದಿದ್ದನೆಂಬ ನೆಪ ಸಾವಿನ ಪ್ರಕರಣದಲ್ಲಿ ನಡೆಯುವುದಿಲ್ಲ. ಗುತ್ತಿಗೆದಾರನ ಆಳು ಎಂದರೂ ತೋಟದ ಮಾಲೀಕರ ಹೊಣೆ ತಪ್ಪದು. ಹಾಜರಿ ಚೀಟಿ, ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ ಇವನ್ನೆಲ್ಲ ಜೋಪಾನವಾಗಿಟ್ಟು, ತಾಯಿಯ ಹೆಸರಿನಲ್ಲಿ ಅರ್ಜಿ ಸಲ್ಲಿಸಬೇಕು. ಸಾವಿನ ದಿನದಿಂದ 2 ವರ್ಷದ ಗಡುವಿದೆ.