ಟ್ರಾಯ್ ಕಥೆ, ಟೊಲೆಡೊ ಊರು
ತರಗತಿ: 9, ಹಲಬರ್ಗಾ. ಉದ್ದೇಶ: ಚಿತ್ರ ಗಮನಿಸಿ ಕಾರಣ ಊಹಿಸುವುದು.

ಎಲ್ ಗ್ರೆಕೊ ಕೊನೆಯ ವರ್ಷಗಳಲ್ಲಿ (ಸುಮಾರು 1610–14) ಬಿಡಿಸಿದ ‘ಲಾವೋಕೂನ್’ ಚಿತ್ರ ತೋರಿಸಿದೆ. ಮರದ ಕುದುರೆಯನ್ನು ಟ್ರಾಯ್ ನಗರದೊಳಗೆ ತರಬೇಡಿರೆಂದು ಎಚ್ಚರಿಸಿದ ಪುರೋಹಿತನನ್ನೂ ಅವನ ಮಕ್ಕಳನ್ನೂ ಹಾವುಗಳು ಕೊಲ್ಲುವ ಗ್ರೀಕ್ ಪುರಾಣಕಥೆಯದು. “ಹಿನ್ನೆಲೆಯಲ್ಲಿರುವುದು ಟ್ರಾಯ್ ಅಲ್ಲ, ಕಲಾವಿದ ನೆಲೆಸಿದ್ದ ಸ್ಪೇನಿನ ಟೊಲೆಡೊ” ಎಂದು ನಾನೇ ಹೇಳಿಬಿಟ್ಟೆ. ಮಕ್ಕಳು ಬರೆದುಕೊಂಡರು, ಯಾರೂ ಪ್ರಶ್ನೆ ಕೇಳಲಿಲ್ಲ.

ಮರುದಿನ ಇನ್ನೊಂದು ವಿಭಾಗದಲ್ಲಿ ಮೊದಲು ಕೇಳಿದೆ: “ಬಕಾಸುರನ ಕಥೆಗೆ ನೀವು ಯಾವ ಊರು ಬಿಡಿಸುತ್ತೀರಿ?”

“ನಮ್ಮೂರೇ ರೀ ಸರ್. ಬ್ಯಾರೆ ಊರು ಎಲ್ಲಿ ನೋಡೀವಿ?” ಎಂದಳು ಒಬ್ಬಳು.

“ನಮ್ಮೂರಿಗೇ ರಾಕ್ಷಸ ಬಂದಂಗ ಅಂಜಿಕಿ ಆಗ್ತದ ರೀ” ಎಂದ ಇನ್ನೊಬ್ಬ.

ಟೊಲೆಡೊ ಹೆಸರು ಹೇಳಿದ್ದು ಆಮೇಲೆ. ಆಗ ಅದು ಅವರಿಗೆ ಬರೀ ಮಾಹಿತಿಯಾಗಿರಲಿಲ್ಲ.

ಸ್ವಾವಲೋಕನ: ನನ್ನ ವಿಜ್ಞಾನ ಪಾಠಗಳಲ್ಲೂ ಉತ್ತರ ಮೊದಲೇ ಹೇಳುತ್ತಿದ್ದೆ. ಇನ್ನು ಪ್ರಶ್ನೆ ಮುಂದಿರಬೇಕು.