‘ಇದೇನು’ ಅಲ್ಲ, ‘ಇದು ಏನಿರಬಹುದು’

ರೋರ್‌ಶಾಕ್ ಪರೀಕ್ಷೆಯ ಹತ್ತು ಮಸಿಚಿತ್ರಗಳನ್ನು ನಾನು ಮೊದಲ ಸಲ ಕೈಗೆತ್ತಿಕೊಂಡದ್ದು ದೊಡ್ಡಬಳ್ಳಾಪುರದ ಕಡೆಯ ಒಂದು ಸಣ್ಣ ಕ್ಲಿನಿಕ್‌ನಲ್ಲಿ. ಆಗ ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್. ಓದುತ್ತಿದ್ದೆ. ಎದುರಿಗಿದ್ದವರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬಿಡದ ತಲೆನೋವು, ರಾತ್ರಿಯೆಲ್ಲ ನಿದ್ದೆಯಿಲ್ಲ; ಸ್ಕ್ಯಾನಿಂಗ್‌ನಲ್ಲಿ ಏನೂ ಸಿಕ್ಕಿರಲಿಲ್ಲ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮೊದಲ ಕಾರ್ಡ್ ಕೊಟ್ಟು, "ಇದೇನು ಹೇಳಿ" ಅಂದೆ. ಅವರು ಕಾರ್ಡ್ ನೋಡಲಿಲ್ಲ, ನನ್ನ ಮುಖ ನೋಡಿದರು. "ತಪ್ಪು ಹೇಳಿದ್ರೆ ನಿಮ್ಹಾನ್ಸ್‌ಗೆ ಕಳಿಸ್ತೀರಾ ಮೇಡಂ?"

ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್‌ಶಾಕ್ 1921ರಲ್ಲಿ ಈ ಪರೀಕ್ಷೆ ಪ್ರಕಟಿಸಿದಾಗ ಇಟ್ಟ ಪ್ರಶ್ನೆ, ‘ಇದು ಏನಿರಬಹುದು?’ ನಾನು ಆ ‘ಬಹುದು’ವನ್ನು ಬಿಟ್ಟಿದ್ದೆ. ‘ಇದೇನು’ ಎಂಬುದು ಮೇಷ್ಟ್ರು ಕೇಳುವ ಪ್ರಶ್ನೆ. ಅದಕ್ಕೆ ಒಂದೇ ಉತ್ತರ. ‘ಏನಿರಬಹುದು’ ಎಂದಾಗ ಮಾತು ನೋಡುವವರ ಕಣ್ಣಿಗೆ ಸೇರುತ್ತದೆ. ಎದುರಿಗೆ ಕೂರದೆ ಪಕ್ಕದಲ್ಲಿ ಕೂತು ಕಾರ್ಡ್ ಕೊಡಬೇಕೆಂಬ ಪದ್ಧತಿಯೂ ಇದಕ್ಕಾಗಿಯೇ: ನಮ್ಮ ಮುಖದಲ್ಲಿ ಉತ್ತರ ಹುಡುಕುವ ಹಾಗಾಗಬಾರದು.

ಆ ದಿನ ಅವರು ಎರಡು ಕಾರ್ಡುಗಳಲ್ಲಿ ಹಾವು ಕಂಡರು. "ಎರಡು ಹಾವು, ಹೆಣೆದುಕೊಂಡಿವೆ." ಹತ್ತೂ ಕಾರ್ಡು ಮುಗಿದ ಮೇಲೆ ಮತ್ತೆ ಮೊದಲಿನಿಂದ ಬಂದು, ಎಲ್ಲಿ ಕಂಡಿತು, ಯಾವುದರಿಂದ ಹಾಗನ್ನಿಸಿತು ಎಂದು ವಿಚಾರಿಸಬೇಕು. ಹೊತ್ತಾಗಿತ್ತು ಎಂದು ಅದನ್ನು ಅರ್ಧಂಬರ್ಧ ಮುಗಿಸಿದೆ. ರಿಪೋರ್ಟಿನಲ್ಲಿ ‘ಭಯ, ಲೈಂಗಿಕ ಆತಂಕ’ ಎಂದು ಬರೆದೆ. ಹಾವಿಗೆ ಪುಸ್ತಕದಲ್ಲಿ ನಾನು ಓದಿಕೊಂಡಿದ್ದ ಅರ್ಥ ಅದು.

ನಮ್ಮ ಮಾರ್ಗದರ್ಶಕಿ ಓದಿ ಒಂದೇ ಮಾತು ಕೇಳಿದರು: "ಆಕೆ ಯಾವ ಊರಿನವರು?" ಘಾಟಿ ಹತ್ತಿರದ ಹಳ್ಳಿ ಅಂದೆ. "ಹಾಗಾದ್ರೆ ಈ ಹಾವು ಯಾವುದು ಅಂತ ಕೇಳಿದ್ಯಾ?"

ಪರೀಕ್ಷೆಯೊಳಗೆ ವಿಚಾರಿಸುವ ಕಾಲ ಮೀರಿತ್ತು. ಮುಂದಿನ ವಾರ ಮಾತುಕತೆಯ ನಡುವೆ ಕೇಳಿದೆ. "ಬದುಕಿರೋ ಹಾವಲ್ಲ ಮೇಡಂ, ಕಲ್ಲು. ಮಸಿ ತರಿತರಿಯಾಗಿ ಕಲ್ಲಿನ ಥರಾನೇ ಇತ್ತಲ್ಲ. ಘಾಟಿ ಸುಬ್ರಹ್ಮಣ್ಯದಲ್ಲಿ ಇರ್ತಾವಲ್ಲ, ನಾಗರಕಲ್ಲು. ನಾವೂ ಒಂದು ಪ್ರತಿಷ್ಠೆ ಮಾಡಿಸಿದ್ವಿ." ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಅಂದರು: "ಐದು ವರ್ಷ ಆಯ್ತು."

ಮಕ್ಕಳಾಗಲೆಂದು ಹರಕೆ ಹೊತ್ತವರು ಅಲ್ಲಿ ನಾಗರಕಲ್ಲು ಇಡುತ್ತಾರೆ. ನಾನು ಭಯ ಎಂದು ಬರೆದಲ್ಲಿ ಇದ್ದದ್ದು ಹರಕೆ, ಅದರೊಳಗೆ ಯಾರಿಗೂ ಹೇಳಿಕೊಳ್ಳದ ದುಃಖ. ‘ತರಿತರಿ’ ಎಂಬ ಆ ಮಾತನ್ನು ಅವತ್ತೇ ಕೇಳಿದ್ದರೆ ಅಂಕ ಹಾಕುವ ಸಂಕೇತವೂ ಬೇರೆಯಾಗುತ್ತಿತ್ತು. ಮಸಿಯ ಛಾಯೆ ಮುಟ್ಟಿದ ಅನುಭವ ಕೊಟ್ಟರೆ ಅದಕ್ಕೆ ಪ್ರತ್ಯೇಕ ಸಂಕೇತವಿದೆ.

ಅಲ್ಲಿಂದ ಮುಂದೆ ಪರೀಕ್ಷೆಗೂ ಮೊದಲು ಊರು, ಕಸುಬು, ಮನೆದೇವರು ಕೇಳುತ್ತೇನೆ. ಪವರ್‌ಲೂಮ್ ಕೆಲಸದ ಒಬ್ಬರು ಕಾರ್ಡು ಕಾರ್ಡಿಗೂ "ಡಿಸೈನು" ಅಂದಾಗ ಮಾತು ತಪ್ಪಿಸುತ್ತಿದ್ದಾರೆ ಎಂದು ಬರೆಯಲು ಅವಸರ ಮಾಡಲಿಲ್ಲ. ಅವರು ಸೀರೆಗೆ ಜಕಾರ್ಡ್ ಕಾರ್ಡು ಹೊಡೆಯುವವರು. ಈ ಮಸಿಚಿತ್ರಗಳ ಹಾಗೆ ಎರಡೂ ಬದಿ ಸಮವಾಗಿ ಬರುವ ಆಕಾರ ಅವರ ದಿನದ ಅನ್ನ.

ಚಿತ್ರ ತೋರಿಸಿ ಕಥೆ ಹೇಳಿಸುವ ಟಿಎಟಿಯಲ್ಲೂ ಇದೇ ಮಾತು. ಅಮೆರಿಕದ ಹೆನ್ರಿ ಮರ್ರೆಯ ಚಿತ್ರಗಳನ್ನು ಉಮಾ ಚೌಧರಿ ಅವರು ನಮ್ಮ ಜನರ ಮುಖ, ಉಡುಗೆಗೆ ಹೊಂದಿಸಿದರು. ಆದರೂ "ನಂಗೆ ಕಥೆ ಕಟ್ಟೋಕೆ ಬರಲ್ಲ" ಅನ್ನುವವರಿಗಾಗಿ ಕಾಯುವ ತಾಳ್ಮೆಯನ್ನು ಯಾವ ಕಾರ್ಡೂ ಕೊಡುವುದಿಲ್ಲ.

ಈ ಪರೀಕ್ಷೆಗಳ ಮೇಲೆ ಹಳೆಯ ತಕರಾರುಗಳಿವೆ, ಅವುಗಳಲ್ಲಿ ಹುರುಳೂ ಇದೆ. ಬರೀ ಇವನ್ನು ನಂಬಿ ರೋಗ ಹೆಸರಿಸಬಾರದು. ಸಂದರ್ಶನ, ಮನೆಯವರ ಮಾತು, ಬೇರೆ ಪರೀಕ್ಷೆಗಳ ಜೊತೆ ತಾಳೆ ನೋಡಲೇಬೇಕು. ಈಗ ನನ್ನ ರಿಪೋರ್ಟುಗಳಲ್ಲಿ ‘ಆಗಿದೆ’ ಕಡಿಮೆ, ‘ಇರಬಹುದು’ ಹೆಚ್ಚು. ಆ ಹೆಣ್ಣುಮಗಳ ಹಳೆಯ ರಿಪೋರ್ಟನ್ನು ನಾಗರಕಲ್ಲಿನ ಮಾತು ಕೇಳಿದ ದಿನವೇ ಹೊಡೆದುಹಾಕಿ ಹೊಸದಾಗಿ ಬರೆದೆ. ಮುಂದಿನ ಸಲ ಅವರು ಗಂಡನನ್ನೂ ಕರೆದುಕೊಂಡು ಬಂದರು. ಐದು ವರ್ಷದ ಮಾತು ಆ ಕೋಣೆಯಲ್ಲಿ ಇಬ್ಬರ ನಡುವೆ ಮೊದಲ ಸಲ ಬಂತು.