ಹುಳುಮನೆಯ ಕಿಟಕಿ, ನಿನ್ನ ಮನೆಯ ಕಿಟಕಿ

ಮಗಾ,

ಹೊಸ ಮನೆಯ ಮಹಡಿ ಕೋಣೆಯಲ್ಲಿ ಸಾಯಂಕಾಲ ಕೂರೋಕಾಗಲ್ಲ ಅಂತ ನೀನು ಹೇಳಿದ ದಿನದಿಂದ ನನಗೆ ಅದೇ ಯೋಚನೆ. "ಎಲ್ಲಾ ಕಿಟಕಿಗೂ ಸನ್ ಕಂಟ್ರೋಲ್ ಫಿಲ್ಮ್ ಹಾಕಿಸಿಬಿಡ್ತೀನಿ ದೊಡ್ಡಮ್ಮ, ಹನ್ನೊಂದು ಕಿಟಕಿ, ಒಂದು ದಿನದ ಕೆಲಸ" ಅಂದೆ. ಫಿಲ್ಮ್ ಬೇಡ ಅಂತ ನಾನು ಹೇಳುವುದಿಲ್ಲ, ನಮ್ಮ ಮನೆಯಲ್ಲೂ ಇದೆ. ಆದರೆ ಹನ್ನೊಂದಕ್ಕೂ ಬೇಕಾಗಿಲ್ಲ. ಯಾವುದಕ್ಕೆ ಬೇಕು ಅನ್ನೋದನ್ನು ಅಂಗಡಿಯವರಿಗೆ ಬಿಡದೆ ನೀನೇ ಕಂಡುಕೊಳ್ಳಬೇಕು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಬಳಿಯ ಈ ವಿಜಯಪುರಕ್ಕೆ ಸೊಸೆಯಾಗಿ ಬಂದಾಗ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳುವಿಗೆ ಜಾಗ ಹೆಚ್ಚು. ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ಬಂದವಳು ಸಂಜೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದೆ. ರೇಷ್ಮೆಹುಳುವಿಗೆ 24ರಿಂದ 28 ಡಿಗ್ರಿಯ ಒಳಗಿರಬೇಕು, ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲಂತೂ 24-25ರ ಆಸುಪಾಸಿನಲ್ಲೇ ಇರಬೇಕು. ಒಂದು ವರ್ಷ ಶಿವರಾತ್ರಿ ಕಳೆದ ಮೇಲಿನ ಬೆಳೆಯಲ್ಲಿ ಪಶ್ಚಿಮದ ಗೋಡೆ ಬದಿಯ ತಟ್ಟೆಗಳಲ್ಲಿ ಮಾತ್ರ ಹುಳು ಮೆತ್ತಗಾಗಿ ಸಪ್ಪೆರೋಗಕ್ಕೆ ಬಿದ್ದವು. ಅದೇ ಮೊಟ್ಟೆ, ಅದೇ ಸೊಪ್ಪು, ಪೂರ್ವದ ಬದಿಯ ತಟ್ಟೆಗಳು ಚೆನ್ನಾಗಿಯೇ ಇದ್ದವು. ನಮ್ಮತ್ತೆ ಥರ್ಮಾಮೀಟರ್ ನೋಡಲಿಲ್ಲ. ಮಧ್ಯಾಹ್ನ ನಾಲ್ಕು ಗಂಟೆಗೆ ಒಳಗೆ ಬಂದು ಅಂಗೈಯನ್ನು ಮೊದಲು ಗೋಡೆಗೆ ಒತ್ತಿದರು, ಆಮೇಲೆ ಕಿಟಕಿ ಬಾಗಿಲಿಗೆ, ಆಮೇಲೆ ಸ್ಟೂಲ್ ಹತ್ತಿ ಸೂರಿನ ಕೆಳಭಾಗಕ್ಕೆ. "ಇಲ್ಲಿಂದ ಬರ್ತಾ ಇದೆ" ಅಂತ ಕಿಟಕಿ ತೋರಿಸಿದರು. ಮಾರನೆಯ ದಿನ ಕಿಟಕಿಯ ಹೊರಗೆ ತೆಂಗಿನ ಗರಿಯ ತಟ್ಟಿ ಕಟ್ಟಿದರು. ಒಳಗೆ ಗೋಣಿತಾಟು ಕಟ್ಟೋಣ ಅಂತ ನಾನು ಹೇಳಿದ್ದೆ. "ಒಳಗೆ ಬಂದ ಮೇಲೆ ತಡೆದು ಏನು ಪ್ರಯೋಜನ" ಅಂದರು. ಶಾಖದ ಪಾಠವನ್ನು ವರ್ಷಗಟ್ಟಲೆ ಹೇಳಿದ್ದ ನನಗೆ ಅದು ಅರ್ಥವಾದದ್ದು ಅವತ್ತು.

ಗಾಜಿನ ಸ್ವಭಾವವೇ ಅಂಥದ್ದು. ಬಿಸಿಲು ಗಾಜನ್ನು ದಾಟಿ ಸಲೀಸಾಗಿ ಒಳಗೆ ಬರುತ್ತದೆ. ನೆಲಕ್ಕೆ, ಮಂಚಕ್ಕೆ, ಪರದೆಗೆ ತಾಗಿ ಶಾಖವಾಗುತ್ತದೆ. ಆ ಶಾಖ ಬಂದ ದಾರಿಯಲ್ಲೇ ಹೊರಗೆ ಹೋಗೋದಕ್ಕೆ ಗಾಜು ಬಿಡುವುದಿಲ್ಲ. ನಿನ್ನ ಮಹಡಿ ಕಿಟಕಿ ಆರಡಿಗೆ ನಾಲ್ಕಡಿ. ಏಪ್ರಿಲ್ ತಿಂಗಳ ಇಳಿಹೊತ್ತಿನ ಬಿಸಿಲು ನೇರ ಬಿದ್ದರೆ ಸಾವಿರ ವಾಟ್ ಆಸುಪಾಸಿನ ಶಾಖ ಒಳಗೆ ಬರುತ್ತದೆ. ಅಂದರೆ ಒಂದು ಇಸ್ತ್ರಿಪೆಟ್ಟಿಗೆಗೆ ಸ್ವಿಚ್ ಹಾಕಿ ಮಂಚದ ಪಕ್ಕದಲ್ಲಿಟ್ಟ ಹಾಗೆ.

ಈಗ ದಿಕ್ಕಿನ ಮಾತು. ನಮ್ಮೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿ ದಾಟಿದ ಜಾಗದಲ್ಲಿ. ಏಪ್ರಿಲ್ 24-25ರ ಹೊತ್ತಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಇರುತ್ತದೆ. ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ ಹಾಗಾಗುತ್ತದೆ. ಶೂನ್ಯ ನೆರಳಿನ ದಿನ ಅಂತ ಬೆಂಗಳೂರಿನಲ್ಲಿ ಮಕ್ಕಳಿಗೆ ತೋರಿಸುವುದು ಇದನ್ನೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಆದರೂ ಅಷ್ಟು ಎತ್ತರದಲ್ಲಿದ್ದಾಗ ಎರಡಡಿಯ ಸಜ್ಜಾ ಸಾಕು, ಕಿಟಕಿಯ ಮೇಲೆ ಬಿಸಿಲು ಬೀಳುವುದಿಲ್ಲ. ನಿನ್ನ ಉತ್ತರ ದಕ್ಷಿಣದ ಆರು ಕಿಟಕಿಗಳಿಗೆ ಸಜ್ಜಾ ಇದೆ. ಅಲ್ಲಿ ಫಿಲ್ಮಿಗೆ ದುಡ್ಡು ಹಾಕಬೇಡ. ತೊಂದರೆ ಇರುವುದು ಪಶ್ಚಿಮದಲ್ಲಿ. ನಾಲ್ಕೂವರೆ ಹೊತ್ತಿಗೆ ಸೂರ್ಯ ಮೂವತ್ತು ಡಿಗ್ರಿಗೆ ಇಳಿದಿರುತ್ತಾನೆ, ಆಗ ಅದೇ ಎರಡಡಿಯ ಸಜ್ಜಾ ಕೊಡುವ ನೆರಳು ಒಂದಡಿಗಿಂತ ಚೂರು ಹೆಚ್ಚು, ಅಷ್ಟೇ. ಉಳಿದ ಗಾಜೆಲ್ಲ ಬಿಸಿಲಿಗೇ. ಪೂರ್ವದ ಕಿಟಕಿಗೂ ಓರೆ ಬಿಸಿಲೇ ಬೀಳುತ್ತದೆ, ಆದರೆ ಬೆಳಿಗ್ಗೆ ಮನೆ ತಣ್ಣಗಿರುತ್ತದೆ, ತಡೆದುಕೊಳ್ಳಬಹುದು.

ಹಾಗಾಗಿ ಫಿಲ್ಮ್ ಬೇಕಾದದ್ದು ಪಶ್ಚಿಮದ ಮೂರು ಕಿಟಕಿಗೆ. ಅದರಲ್ಲೂ ಕೆಳಗಿನ ಒಂದರ ಮುಂದೆ ನಿನಗೆ ಎಂಟಡಿ ಜಾಗವಿದೆ, ಅಲ್ಲಿ ಚಪ್ಪರ ಹಾಕಿ ಬಳ್ಳಿ ಹಬ್ಬಿಸು. ಸೈಟಿನ ಮೂಲೆಯಲ್ಲಿ ಒಂದು ಹೊಂಗೆ ನೆಡು. ಹೊಂಗೆ ಉಗಾದಿ ಹೊತ್ತಿಗೆ ಚಿಗುರಿ ಸರಿಯಾಗಿ ಬೇಸಿಗೆಗೆ ನೆರಳು ಕೊಡುತ್ತದೆ. ಮಹಡಿಯ ಎರಡಕ್ಕೆ ಮರ ಬೆಳೆಯುವ ತನಕ ಕಾಯಲಾಗುವುದಿಲ್ಲ, ಅಲ್ಲಿ ಫಿಲ್ಮ್ ಹಾಕಿಸು.

ನಾನು ಮೊದಲ ಸಲ ಮೋಸ ಹೋದದ್ದನ್ನೂ ಹೇಳಿಬಿಡುತ್ತೇನೆ. ಕಪ್ಪಗಿದ್ದಷ್ಟೂ ಬಿಸಿಲು ತಡೆಯುತ್ತದೆ ಅಂದ ಒಬ್ಬರ ಮಾತು ನಂಬಿ ಅಗ್ಗದ ಬಣ್ಣದ ಫಿಲ್ಮ್ ಹಾಕಿಸಿದೆ. ಎರಡು ಬೇಸಿಗೆಗೆ ಅದು ನೇರಳೆ ಬಣ್ಣಕ್ಕೆ ತಿರುಗಿ ಗುಳ್ಳೆ ಎದ್ದಿತು. ಅಂಟನ್ನು ಬ್ಲೇಡಿನಿಂದ ಕೆರೆದು ತೆಗೆಯುವಷ್ಟರಲ್ಲಿ ನನ್ನ ಬೆರಳು ನೊಂದು ಹೋದವು. ಬಿಸಿಲಿನ ಶಕ್ತಿಯಲ್ಲಿ ಅರ್ಧದಷ್ಟು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದ್ದು. ಬಣ್ಣ ಬೆಳಕನ್ನು ತಡೆಯುತ್ತದೆ, ಆ ಕಾಣದ ಭಾಗವನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ. ಸೆರಾಮಿಕ್ ಫಿಲ್ಮ್ ಅನ್ನುವುದು ಬೆಳಕನ್ನು ತಕ್ಕಮಟ್ಟಿಗೆ ಬಿಟ್ಟು ಈ ಭಾಗವನ್ನು ತಡೆಯುತ್ತದೆ. ಲೋಹದ ಲೇಪನದ್ದೂ ಚೆನ್ನಾಗಿ ತಡೆಯುತ್ತದೆ, ಆದರೆ ಮೊಬೈಲ್ ಸಿಗ್ನಲ್ ಕುಗ್ಗಬಹುದು. ಕನ್ನಡಿಯಂತೆ ಹೊಳೆಯುವಂಥದ್ದಾದರೆ ಎದುರು ಮನೆಯ ವರಾಂಡಕ್ಕೆ ನಿನ್ನ ಬಿಸಿಲು ಬೀಳುತ್ತದೆ. ಪಿಕಳಾರ ಹಕ್ಕಿ ತನ್ನ ಪ್ರತಿಬಿಂಬವನ್ನು ಕಂಡು ಬೇರೆ ಹಕ್ಕಿ ಅಂದುಕೊಂಡು ಗಾಜಿಗೆ ಕೊಕ್ಕು ಬಡಿಯುತ್ತಲೇ ಇರುತ್ತದೆ. ಅದನ್ನು ನೋಡಲಾಗುವುದಿಲ್ಲ ಮಗಾ.

ಅಂಗಡಿಯಲ್ಲಿ "ತೊಂಬತ್ತೈದು ಪರ್ಸೆಂಟ್ ಹೀಟ್ ಕಟ್" ಅಂತಾರೆ. ಅದು ಬಹುಪಾಲು ಅವಗೆಂಪಿನ ಲೆಕ್ಕ, ಅದರಲ್ಲೂ ಒಂದು ಭಾಗದ್ದು. ನೀನು ಕೇಳಬೇಕಾದ ಅಂಕಿ ಟಿಎಸ್ಇಆರ್, ಅಂದರೆ ಒಟ್ಟು ಬಿಸಿಲಿನಲ್ಲಿ ಎಷ್ಟನ್ನು ಹೊರಗೇ ತಡೆಯುತ್ತದೆ ಅನ್ನುವುದು. ಅದು 50-60 ಇದ್ದರೆ ಒಳ್ಳೆಯ ಫಿಲ್ಮ್. ಬೆಳಕು ಎಷ್ಟು ಬಿಡುತ್ತದೆ ಅಂತಲೂ ಕೇಳು, 40-50ಕ್ಕಿಂತ ಬಹಳ ಕೆಳಗೆ ಹೋದರೆ ಮಧ್ಯಾಹ್ನವೇ ಲೈಟ್ ಹಾಕಬೇಕಾಗಬಹುದು. ನಿನ್ನ ಗಾಜು ಎಂಥದ್ದು ಅಂತ ಹೇಳಿಯೇ ಫಿಲ್ಮ್ ಆರಿಸು. ಜೋಡಿ ಗಾಜು, ತಂತಿ ಗಾಜಿಗೆ ಶಾಖ ಹೀರುವ ಫಿಲ್ಮ್ ಅಂಟಿಸಿದರೆ, ಅರ್ಧ ನೆರಳು ಅರ್ಧ ಬಿಸಿಲು ಬಿದ್ದಾಗ ಗಾಜು ಬಿರಿಯುವ ಅಪಾಯವಿದೆ. ಹಗಲು ಹೊರಗಿನವರಿಗೆ ಒಳಗೆ ಕಾಣುವುದಿಲ್ಲ ಅಂತ ನಿನ್ನ ಹೆಂಡತಿ ಸಮಾಧಾನಪಟ್ಟುಕೊಳ್ಳಬಹುದು, ಆದರೆ ರಾತ್ರಿ ಒಳಗೆ ದೀಪ ಹಾಕಿದರೆ ಎಲ್ಲಾ ಕಾಣುತ್ತದೆ. ಪರದೆ ಇರಲಿ ಅಂತ ಹೇಳು. ಇನ್ನು ನಿಮ್ಮಪ್ಪ ಫಿಲ್ಮ್ ಹಾಕಿದರೆ ದಂಡ ಹಾಕ್ತಾರೆ ಅಂದನಂತೆ. ಸುಪ್ರೀಂ ಕೋರ್ಟ್ 2012ರ ಏಪ್ರಿಲಿನಲ್ಲಿ ಆದೇಶ ಮಾಡಿದ್ದು ವಾಹನದ ಗಾಜಿನ ವಿಷಯಕ್ಕೆ, ಮನೆಗಲ್ಲ.

ಅಂಟಿಸುವ ದಿನ ನೀನು ಮನೆಯಲ್ಲಿರು. ಎರಡನೇ ಸಲ ನಮ್ಮ ಮನೆಗೆ ಬಂದ ಹುಡುಗ ಅರ್ಧ ದಿನ ಬರೀ ಗಾಜು ತೊಳೆದ. ಗಾರೆಯ ಚುಕ್ಕೆ, ಬಣ್ಣದ ಹನಿ ಎಲ್ಲವನ್ನೂ ಬ್ಲೇಡ್ ಓರೆ ಹಿಡಿದು ಕೆರೆದ, ಉಗುರಿನಿಂದ ಸವರಿ ಸವರಿ ನೋಡಿದ. ಫ್ಯಾನ್ ಆರಿಸಿದ, ಬಾಗಿಲು ಹಾಕಿದ. ಸೋಪಿನ ನೀರು ಚಿಮುಕಿಸಿ, ಹಿಂದಿನ ಪೊರೆ ಸುಲಿದು ಫಿಲ್ಮನ್ನು ಗಾಜಿನ ಮೇಲೆ ತೇಲಿಸಿದ. ಆಮೇಲೆ ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ತಳ್ಳುತ್ತಾ ಬಂದ. ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಬಿಟ್ಟೇ ಕತ್ತರಿಸಿದ, ಚೌಕಟ್ಟಿಗೆ ತಾಗಿದರೆ ಅಂಚು ಏಳುತ್ತದಂತೆ. ಮೊದಲ ದಿನಗಳಲ್ಲಿ ಮಂಜು ಮಂಜಾಗಿ, ನೀರಿನ ಗುಳ್ಳೆಯಾಗಿ ಕಾಣುತ್ತದೆ. ಒಣಗುತ್ತದೆ, ಚುಚ್ಚಬೇಡ. ಒಂದು ತಿಂಗಳು ಒರೆಸಲೂಬೇಡ. ಆಷಾಢದ ಗಾಳಿಯಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡ, ಧೂಳು ಒಳಗೆ ಸಿಕ್ಕಿಕೊಂಡರೆ ಆಮೇಲೆ ತೆಗೆಯಲಾಗುವುದಿಲ್ಲ.

ಇಷ್ಟಾದ ಮೇಲೂ ಕೋಣೆ ಬಿಸಿ ಅನಿಸಿದರೆ ಫಿಲ್ಮನ್ನು ಬೈಯಬೇಡ. ನಿನ್ನ ತಲೆಯ ಮೇಲೆ ದಿನವಿಡೀ ಕಾದ ತಾರಸಿ ಇದೆ. ರಾತ್ರಿ ಹತ್ತಕ್ಕೆ ಮಂಚದ ಮೇಲೆ ಮಲಗಿದಾಗ ಮುಖಕ್ಕೆ ಕಾವು ಬಡಿಯುತ್ತದಲ್ಲ, ಅದು ಅಲ್ಲಿಂದ. ಅದಕ್ಕೆ ಬಿಳಿ ಸುಣ್ಣವೋ ಬಿಳಿ ಕೂಲ್ ರೂಫ್ ಬಣ್ಣವೋ ಬಳಿಸು. ನಮ್ಮದು ಗೋಳಗುಮ್ಮಟದ ವಿಜಯಪುರದ ಬಿಸಿಲಲ್ಲ. ಬೆಂಗಳೂರಿನಲ್ಲೇ 2016ರ ಏಪ್ರಿಲ್ 24ರಂದು 39.2 ಡಿಗ್ರಿ ಆಗಿತ್ತು ನಿಜ, ಆದರೆ ಈ ಸೀಮೆಯಲ್ಲಿ ಬೇಸಿಗೆಯಲ್ಲೂ ರಾತ್ರಿ ಸಾಮಾನ್ಯವಾಗಿ 22ರ ಆಸುಪಾಸಿಗೆ ಇಳಿಯುತ್ತದೆ. ಆ ತಂಪು ಪುಕ್ಕಟೆ. ಒಂಬತ್ತಕ್ಕೆ ಕಿಟಕಿ ತೆಗೆ, ಬೆಳಿಗ್ಗೆ ಎಂಟಕ್ಕೆ ಮುಚ್ಚು, ಸೊಳ್ಳೆ ಜಾಲರಿ ಇರಲಿ. ಹುಳುಮನೆಯಲ್ಲಿ ನಾವು ಮಾಡುತ್ತಿದ್ದುದೂ ಅದನ್ನೇ. ಮನೆಗಳಿಗೆಂದು ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆಯೂ ನಮ್ಮಂಥ ಹವೆಗೆ ನೆಲದ ವಿಸ್ತೀರ್ಣದ ಶೇಕಡಾ 12.5ರಷ್ಟು ತೆರೆಯುವ ಕಿಟಕಿ ಇರಬೇಕು ಅನ್ನುತ್ತದೆ. ನಿನ್ನ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ, ಲೆಕ್ಕ ಹಾಕಿ ನೋಡು.

ಮುಂಗಡ ಇನ್ನೂ ಕೊಡಬೇಡ. ಈ ಭಾನುವಾರ ನಾಲ್ಕು ಗಂಟೆಗೆ ನಾನು ಅಲ್ಲಿಗೆ ಬರುತ್ತೇನೆ. ಆ ಹೊತ್ತಿಗೆ ಮಹಡಿ ಕೋಣೆಯ ಪರದೆ ಸರಿಸಿಟ್ಟಿರು, ಫ್ಯಾನ್ ಹಾಕಬೇಡ, ಸೂರು ಮುಟ್ಟುವಷ್ಟು ಎತ್ತರದ ಒಂದು ಸ್ಟೂಲ್ ಹುಡುಕಿಡು.

ನಿನ್ನ ದೊಡ್ಡಮ್ಮ